ಸ್ಲೇಟು ಎಳೆದವನು

ನನ್ನ ಸೀಯಾರೋಗೆ ವಯಸ್ಸಾಗಿದೆ ಎಂದು ಖಾತ್ರಿಯಾದದ್ದು ಕಳೆದ ಮಳೆಗಾಲದಲ್ಲಿ. ಎಸ್.ಪಿ. ರಸ್ತೆಯ ಹಳೇ ಸಾಮಾನಿನ ಅಂಗಡಿಯೊಂದರಿಂದ ಹೊತ್ತು ತಂದಾಗಲೇ ಅದು ಹರೆಯದ್ದೇನೂ ಆಗಿರಲಿಲ್ಲ. ಮೈಯ ಬಣ್ಣ ಅಲ್ಲಲ್ಲಿ ಎದ್ದಿತ್ತು, ಒಂದು ಗುಂಡಿಗೆ ಟೋಪಿಯಿರಲಿಲ್ಲ, ಪಕ್ಕೆಯ ಮೇಲೆ ಯಾವುದೋ ಕಾಲೇಜಿನವರು ಬಿಳಿ ಪೇಂಟಿನಲ್ಲಿ ಸ್ಟಾಕ್ ನಂಬರು ಬರೆದು, ಮಾರುವಾಗ ನಾಚಿಕೆಯಿಂದಲೋ ಏನೋ ಕೆರೆದು ಹಾಕಿದ್ದರು. ಕ್ಯಾಥೋಡ್ ರೇ ಆಸಿಲ್ಲೋಸ್ಕೋಪ್ ಎಂಬುದು ಜಾತಕದ ಹೆಸರು. ನಮ್ಮ ಕಡೆಯ ಲ್ಯಾಬುಗಳಲ್ಲಿ ಅದನ್ನು ಯಾರೂ ಅಷ್ಟುದ್ದ ಕರೆದವರಲ್ಲ. ಸೀಯಾರೋ, ಅಷ್ಟೆ. ಮನೆಗೆ ತಂದ ದಿನ ಹೆಂಡತಿ ಅದರ ಗಾಜಿನ ಮುಖ ನೋಡಿ, "ಇದರಲ್ಲಿ ಚಂದನ ಬರುತ್ತಾ?" ಎಂದು ಕೇಳಿದಳು. ಬರಲ್ಲ ಎಂದೆ. "ಮತ್ತೇನು ಬರುತ್ತೆ?" "ಒಂದು ಗೆರೆ ಬರುತ್ತೆ." ಆ ಉತ್ತರದ ಮೇಲೆ ನಮ್ಮ ಸಂಸಾರದಲ್ಲಿ ಆ ಯಂತ್ರದ ವಿಚಾರವಾಗಿ ಹೆಚ್ಚಿನ ಚರ್ಚೆ ನಡೆದಿಲ್ಲ.

ಗೆರೆ ಬರುತ್ತೆ ಎಂದದ್ದು ಸುಳ್ಳಲ್ಲ. ಸ್ವಿಚ್ ಹಾಕಿ ಅರ್ಧ ನಿಮಿಷ ಸುಮ್ಮನೆ ಕೂತರೆ, ಕಪ್ಪು ಗಾಜಿನ ಆಳದಿಂದ ಯಾರೋ ದೀಪ ಹಿಡಿದು ಮೆಟ್ಟಿಲು ಹತ್ತಿ ಬಂದಂತೆ ಹಸಿರು ಗೆರೆಯೊಂದು ಮೂಡುತ್ತದೆ. ನಿವೃತ್ತನಾದವನ ಸಂಜೆಗೆ ಅಷ್ಟು ಬೆಳಕು ಸಾಕು. ಆಮೇಲೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ಮನೆಯ ಕರೆಂಟನ್ನು 6 ವೋಲ್ಟಿಗೆ ಇಳಿಸಿ ಅದಕ್ಕೆ ಉಣಿಸುತ್ತೇನೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುವಂಥದ್ದು. ಒಂದು ಏರಿಳಿತಕ್ಕೆ 20 ಮಿಲಿಸೆಕೆಂಡು. ದೊಡ್ಡ ಗುಂಡಿಯನ್ನು ಚೌಕಕ್ಕೆ 10 ಮಿಲಿಸೆಕೆಂಡಿಗೆ ತಿರುಗಿಸಿಟ್ಟರೆ ಒಂದು ಅಲೆಗೆ ಎರಡು ಚೌಕ, ಪರದೆಯ ಹತ್ತು ಚೌಕಕ್ಕೆ ಐದು ಅಲೆ. ಸ್ವಲ್ಪ ಮಿಣುಕುತ್ತವೆ, ಆದರೆ ಶಿಸ್ತಾಗಿ ಕೂರುತ್ತವೆ. ಆ ಸಂಜೆ ಕೂರಲಿಲ್ಲ. ಎಡಗಡೆಯ ಮೊದಲ ಅಲೆ ಕಾಲು ಚಾಚಿ ಎರಡು ಚೌಕ ಹಿಡಿದಿತ್ತು. ಬಲಕ್ಕೆ ಹೋದಷ್ಟೂ ಒಂದರ ಮೇಲೊಂದು ಒತ್ತಿಕೊಂಡು, ತುದಿಯಲ್ಲಿರುವುದಕ್ಕೆ ಒಂದೂವರೆ ಚೌಕ ಸಿಕ್ಕಿದ್ದೇ ಹೆಚ್ಚು. ಹಳ್ಳಿ ಬಸ್ಸಿನ ಹಿಂದಿನ ಸೀಟಿನ ಹಾಗೆ ಐವರ ಜಾಗದಲ್ಲಿ ಆರನೆಯವನೂ "ಸ್ವಲ್ಪ ಸರೀರಿ" ಎಂದು ಅರ್ಧ ಕೂತಿದ್ದ.

"ಹಂಡೆ ತೂತಾಗಿದೆ" ಎಂದೆ, ಸ್ವಲ್ಪ ಜೋರಾಗಿಯೇ. ಅಡುಗೆಮನೆಯಿಂದ ಗಾಬರಿಯ ದನಿ ಬಂತು: "ಯಾವ ಹಂಡೆ?"

ಆ ಹಂಡೆ ನಮ್ಮ ಮೇಷ್ಟ್ರದು.

1976ರಲ್ಲಿ ನಾನು ಪಾಲಿಟೆಕ್ನಿಕ್ಕಿಗೆ ಸೇರಿದಾಗ ಎಲೆಕ್ಟ್ರಾನಿಕ್ಸ್ ಲ್ಯಾಬು ಅವರ ಸುಪರ್ದಿಯಲ್ಲಿತ್ತು. ಸಣಕಲು ಆಳು, ಬೇಸಗೆಯಲ್ಲೂ ಕೋಟು. ಕೋಟಿನ ಎಡಜೇಬಿನಲ್ಲಿ ಬಳಪ, ಬಲಜೇಬಿನಲ್ಲಿ ನಶ್ಯದ ಡಬ್ಬಿ. ಹೈವೋಲ್ಟೇಜ್ ಯಂತ್ರ ಬಿಚ್ಚಿ ಕೂತಾಗ ಒಂದು ಕೈ ಜೇಬಿನಲ್ಲಿರಬೇಕು, ಎರಡೂ ಕೈ ಒಳಗಿಟ್ಟರೆ ಶಾಕು ಎದೆಯ ಮೂಲಕ ಹಾದುಹೋದೀತು ಎಂಬುದು ರಿಪೇರಿಯವರ ಹಳೆಯ ನಿಯಮ. ಮೇಷ್ಟ್ರ ಬಲಗೈ ಸದಾ ನಶ್ಯದ ಡಬ್ಬಿಯ ಮೇಲೆಯೇ ಇರುತ್ತಿದ್ದರಿಂದ ಅವರು ಈ ನಿಯಮವನ್ನು ಪ್ರಯತ್ನವಿಲ್ಲದೆ ಪಾಲಿಸಿದವರು. "ನಶ್ಯ ನನ್ನ ಜೀವ ಉಳಿಸಿದೆ ಕಣ್ರಯ್ಯಾ" ಎಂದು ಎಡಗೈಯಲ್ಲಿ ಸ್ಕ್ರೂಡ್ರೈವರ್ ತಿರುಗಿಸುತ್ತ ಹೇಳುತ್ತಿದ್ದರು. ಅವರು ಎಡಚರೇನೂ ಅಲ್ಲ.

ಮೊದಲ ದಿನ ಅವರು ಸೀಯಾರೋದ ಹತ್ತಿರಕ್ಕೇ ನಮ್ಮನ್ನು ಬಿಡಲಿಲ್ಲ. ಬೀರುವಿನಿಂದ ಮರದ ಕಟ್ಟಿನ ಕಲ್ಲು ಸ್ಲೇಟು ತೆಗೆದು ಮೇಜಿನ ಮೇಲಿಟ್ಟರು. ಬಳಪ ಊರಿ ಕೈಯನ್ನು ಇದ್ದಲ್ಲೇ ಮೇಲೆ ಕೆಳಗೆ ಆಡಿಸಿದರು. "ಏನು ಕಾಣುತ್ತೆ?" "ಉದ್ದ ಗೆರೆ ಸಾರ್." "ನಾನು ಎಷ್ಟು ಸಲ ಆಡಿಸಿದೆ, ಬೇಗ ಆಡಿಸಿದ್ನೋ ನಿಧಾನಕ್ಕೋ, ಗೊತ್ತಾಗುತ್ತಾ?" ಗೊತ್ತಾಗುತ್ತಿರಲಿಲ್ಲ. ಆಗ ಮುಂದಿನ ಸಾಲಿನಲ್ಲಿದ್ದ ನನ್ನನ್ನು ಕರೆದು, ಅವರು ಕೈಯಾಡಿಸುತ್ತಿರುವಾಗ ಸ್ಲೇಟನ್ನು ಎಡಕ್ಕೆ ಎಳೆಯಲು ಹೇಳಿದರು. ಎಳೆದೆ. ಬಳಪದ ಕೆಳಗೆ ಅಲೆ ಬಿಚ್ಚಿಕೊಂಡಿತು. ಇಡೀ ಕ್ಲಾಸು ಕತ್ತು ಚಾಚಿತು. ಆದರೆ ನಾನು ಆ ಹೊತ್ತಿನ ಸಂಭ್ರಮದಲ್ಲಿ ಕೈ ನಡುಗಿ, ಒಮ್ಮೆ ಜಗ್ಗಿ ಒಮ್ಮೆ ತಡೆದು ಎಳೆದಿದ್ದೆ. ಅಲೆಗಳು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಮೇಷ್ಟ್ರು ಸ್ಲೇಟನ್ನು ಎತ್ತಿ ಎಲ್ಲರಿಗೂ ತೋರಿಸಿ, "ನನ್ನ ಕೈ ಒಂದೇ ಸಮ ಆಡ್ತಾ ಇತ್ತು. ತಪ್ಪು ಎಳೆದವನದ್ದು. ಇವನು ನಾನ್‌ಲೀನಿಯರ್ ಕಣ್ರಯ್ಯಾ" ಎಂದರು. ಮೂರು ವರ್ಷ ಆ ಕಾಲೇಜಿನಲ್ಲಿ ನನಗೆ ಬೇರೆ ಹೆಸರಿರಲಿಲ್ಲ. ಹಾಸ್ಟೆಲಿನ ಭಟ್ಟರು ಕೂಡ "ನಾನ್‌ಲೀನಿಯರ್‌ಗೆ ಇನ್ನೊಂದು ಮುದ್ದೆ" ಎನ್ನುತ್ತಿದ್ದರು.

ಅಡ್ಡಕ್ಕೆ ಎಳೆಯುವ ಕೈಯಿಲ್ಲದೆ ಏನೂ ಕಾಣದು ಎಂಬುದು ಈ ಯಂತ್ರದ ಹುಟ್ಟಿನಿಂದಲೇ ಇದ್ದ ತಾಪತ್ರಯ. 1897ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಫರ್ಡಿನಾಂಡ್ ಬ್ರೌನ್ ಇಂಥ ಕೊಳವೆಯನ್ನು ಮೊದಲು ಮಾಡಿದಾಗ ಅದರ ಚುಕ್ಕೆಗೆ ಒಂದೇ ದಿಕ್ಕು ಗೊತ್ತಿತ್ತು. ಅದನ್ನು ಅಡ್ಡಕ್ಕೆ ಹರಡಿ ನೋಡಲು ಅವನು ತಿರುಗುವ ಕನ್ನಡಿಯೊಂದನ್ನು ಎದುರಿಗಿಟ್ಟುಕೊಂಡಿದ್ದ. ಅಡ್ಡ ಓಡಿಸುವ ಕೆಲಸವನ್ನೂ ಕೊಳವೆಯೊಳಕ್ಕೇ ತಂದದ್ದು ಅವನ ಸಹಾಯಕ ಜೆನೆಕ್, ಒಂದೆರಡು ವರ್ಷದಲ್ಲಿ. ಬ್ರೌನನಿಗೆ 1909ರಲ್ಲಿ ಮಾರ್ಕೋನಿಯ ಜೊತೆ ನೊಬೆಲ್ ಬಂತು, ಅದೂ ವೈರ್‌ಲೆಸ್ ಕೆಲಸಕ್ಕೆ. ಸ್ಲೇಟು ಎಳೆದವನ ಹೆಸರು ಪಠ್ಯಪುಸ್ತಕದ ಅಡಿಟಿಪ್ಪಣಿಗೆ ಸರಿಯಿತು. ನನಗೆ ಈ ಜೆನೆಕನ ಮೇಲೆ ಸ್ವಲ್ಪ ಪಕ್ಷಪಾತವಿರುವುದು ಸಹಜ.

ಕೊಳವೆಯೊಳಗೆ ಎಲೆಕ್ಟ್ರಾನುಗಳ ತೆಳ್ಳನೆಯ ದಾರ ಹಿಂದಿನಿಂದ ಮುಂದಕ್ಕೆ ಬಂದು ಗಾಜಿಗೆ ತಾಕಿ ಬೆಳಗುತ್ತದೆ. ದಾರಿಯಲ್ಲಿ ಎರಡು ಜೊತೆ ತಗಡು. ಒಂದು ಜೊತೆ ದಾರವನ್ನು ಮೇಲೆ ಕೆಳಗೆ ಆಡಿಸುತ್ತದೆ, ಅದು ನಾವು ನೋಡಬೇಕೆಂದ ಅಲೆಯ ಆಜ್ಞೆ. ಇನ್ನೊಂದು ಜೊತೆ ಎಡದಿಂದ ಬಲಕ್ಕೆ ತಳ್ಳುತ್ತದೆ, ಅದು ಕಾಲದ ಆಜ್ಞೆ. ಈ ಎರಡನೆಯ ಜೊತೆಗೆ ಕೊಡುವ ವೋಲ್ಟೇಜು ನಿಧಾನಕ್ಕೆ ಒಂದೇ ಸಮ ಏರಿ, ತುದಿ ಮುಟ್ಟಿದ ಕೂಡಲೇ ದೊಪ್ಪನೆ ಕೆಳಗೆ ಬೀಳಬೇಕು. ಮತ್ತೆ ಏರಬೇಕು, ಮತ್ತೆ ಬೀಳಬೇಕು. ಬರೆದರೆ ಬಡಗಿಯ ಗರಗಸದ ಹಲ್ಲು.

ಏರುವುದೇನೋ ಸರಿ, ಒಂದೇ ಸಮ ಏರಿಸುವುದು ಹೇಗೆ? ಇಲ್ಲಿ ಮೇಷ್ಟ್ರ ಹಂಡೆ ಬರುತ್ತದೆ. ಕೆಪಾಸಿಟರ್ ಎಂದರೆ ಹಂಡೆ, ಕರೆಂಟು ಎಂದರೆ ನೀರು, ವೋಲ್ಟೇಜು ಎಂದರೆ ಹಂಡೆಯಲ್ಲಿ ನೀರಿನ ಮಟ್ಟ. "ಮೇಲಿನ ತೊಟ್ಟಿಯಿಂದ ಒಂದು ಪೈಪು ಹಂಡೆಯ ತಳಕ್ಕೆ ಬಿಟ್ಟಿದ್ದೀವಿ ಅಂತಿಟ್ಕೊಳ್ಳಿ. ಮೊದಮೊದಲು ನೀರು ಧಿಮಿಗುಟ್ಕೊಂಡು ಬರುತ್ತೆ. ಹಂಡೆ ತುಂಬ್ತಾ ತುಂಬ್ತಾ ಎರಡರ ಮಟ್ಟ ಹತ್ತಿರ ಆಗುತ್ತೆ, ನೀರಿಗೆ ಸೋಮಾರಿತನ ಬರುತ್ತೆ. ಹೊಸ ಅಳಿಯ ಮಾವನ ಮನೆಗೆ ಬಂದ ಹಾಗೆ, ವಾರದ ಮೇಲೆ ಉತ್ಸಾಹ ಇರಲ್ಲ." ಗೆರೆ ಆಮೇಲಾಮೇಲೆ ಬಾಗುತ್ತದೆ. ಅದಕ್ಕೇನು ಉಪಾಯ? ನೀರು ಏರಿದಷ್ಟೂ ಹಂಡೆಯನ್ನೇ ಹಗ್ಗ ಕಟ್ಟಿ ಕೆಳಗಿಳಿಸುತ್ತ ಹೋಗುವುದು. ನೀರಿನ ಮೇಲ್ಮೈ ಇದ್ದ ಎತ್ತರದಲ್ಲೇ ಇರುತ್ತದೆ, ತೊಟ್ಟಿಗೂ ಅದಕ್ಕೂ ಇರುವ ಅಂತರ ಬದಲಾಗುವುದಿಲ್ಲ, ನೀರು ಕೊನೆಯ ಹನಿಯವರೆಗೂ ಮೊದಲ ದಿನದ ಉತ್ಸಾಹದಲ್ಲೇ ಬರುತ್ತದೆ. ಹಂಡೆ ಎಷ್ಟು ಇಳಿಯಿತು ಎಂಬುದನ್ನು ಅಳೆದರೆ ಅದೇ ನಮಗೆ ಬೇಕಾದ ನೇರ ಗೆರೆ. ಮಿಲ್ಲರ್ ಇಂಟಿಗ್ರೇಟರ್ ಎಂದು ಪುಸ್ತಕಗಳು ಕರೆಯುವ ಸರ್ಕಿಟ್ಟು ಮಾಡುವುದು ಇಷ್ಟೇ. ಹಗ್ಗ ಹಿಡಿದು ನಿಂತವನು ಆಂಪ್ಲಿಫೈಯರು. ಈ ಹಂಡೆ ಇಳಿಸುವ ವಿವರಣೆಯನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ನೋಡಲಿಲ್ಲ.

ಮುಂಭಾಗದ ದೊಡ್ಡ ಗುಂಡಿ ತಿರುಗಿಸಿದಾಗ ಆಗುವುದು ಪೈಪು, ಹಂಡೆಗಳ ಬದಲಾವಣೆ. ದೊಡ್ಡ ಹಂಡೆ ಇಟ್ಟರೆ ಚುಕ್ಕೆ ಚೌಕಕ್ಕೆ ಅರ್ಧ ಸೆಕೆಂಡಿನಂತೆ, ಸಂಜೆಯ ವಾಕಿಂಗಿಗೆ ಹೊರಟ ಪೆನ್ಷನ್‌ದಾರನ ಹಾಗೆ ಪರದೆ ದಾಟುತ್ತದೆ. ಚಿಕ್ಕ ಹಂಡೆ ಇಟ್ಟು ಚೌಕಕ್ಕೆ 1 ಮೈಕ್ರೋಸೆಕೆಂಡು ಎಂದರೆ ಅದೇ ಚುಕ್ಕೆ ಸೆಕೆಂಡಿಗೆ 10 ಕಿಲೋಮೀಟರಿನಂತೆ ಓಡಬೇಕು. ಗುಂಡಿಯ ಸುತ್ತ ಬರೆದಿರುವ ಅಂಕಿಗಳು 1, 2, 5, 10, 20, 50. ನಮ್ಮ ನೋಟು ಚಿಲ್ಲರೆಯ ಲೆಕ್ಕವೇ. ಕಾಲವನ್ನೂ ಹೀಗೆ ಮುರಿಸಿಕೊಳ್ಳಬಹುದೆಂಬುದು ಆ ವಯಸ್ಸಿನಲ್ಲಿ ನನಗೆ ತುಂಬ ಹಿಡಿಸಿತ್ತು.

ತುದಿ ಮುಟ್ಟಿದ ಚುಕ್ಕೆ ಎಡಕ್ಕೆ ವಾಪಸು ಬರುತ್ತದಲ್ಲ, ಆ ಗೆರೆ ಏಕೆ ಕಾಣುವುದಿಲ್ಲ? "ಸ್ಲೇಟಿನ ಮೇಲೆ ಅ, ಆ ಬರೀತೀಯ. ಸಾಲು ಮುಗೀತು. ಎರಡನೇ ಸಾಲಿಗೆ ಬರುವಾಗ ಬಳಪ ಎಳ್ಕೊಂಡು ಬರ್ತೀಯೋ, ಎತ್ಕೊಂಡು ಬರ್ತೀಯೋ?" ಓಡುವಾಗ ಮಾತ್ರ ಚುಕ್ಕೆಗೆ ಬೆಳಕು ಕೊಡುವ ಇನ್ನೊಂದು ಸರ್ಕಿಟ್ಟಿದೆ. ಮರಳುವ ದಾರಿ ಕತ್ತಲೆ.

ಸೀಯಾರೋದ ಅಸಲು ಬುದ್ಧಿ ಇರುವುದು ಎಲ್ಲಿಂದ ಹೊರಡಬೇಕು ಎಂಬುದರಲ್ಲಿ. ಪರದೆಯ ಮೇಲೆ ಅಲೆ ನಿಂತ ಹಾಗೆ ಕಾಣುತ್ತದೆ. ನಿಂತಿರುವುದೇನೂ ಇಲ್ಲ. ಚುಕ್ಕೆ ಓಡುತ್ತಲೇ ಇದೆ, ಒಂದೇ ಚಿತ್ರವನ್ನು ಮತ್ತೆ ಮತ್ತೆ ಅದೇ ಜಾಗದಲ್ಲಿ ತಿದ್ದುತ್ತಿದೆ. ಪ್ರತಿ ಸಲವೂ ಅಲೆಯ ಅದೇ ಬಿಂದುವಿನಿಂದ ಹೊರಟರೆ ಚಿತ್ರದ ಮೇಲೆ ಚಿತ್ರ ಕೂತು ಒಂದೇ ಆಗುತ್ತದೆ. ಒಮ್ಮೆ ನೆತ್ತಿಯಿಂದ, ಒಮ್ಮೆ ಪಾದದಿಂದ ಹೊರಟರೆ ಗೋಜಲು. ಹಳೆಯ ಕಾಲದ ಯಂತ್ರಗಳಲ್ಲಿ ಗರಗಸ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಸಿಂಕ್ ಎಂಬ ಗುಂಡಿ ಹಿಡಿದು ಅದನ್ನು ಅಲೆಯ ಜೊತೆ ಹೆಜ್ಜೆ ಹಾಕುವಂತೆ ಪುಸಲಾಯಿಸಬೇಕಿತ್ತು, ಕೈ ಬಿಟ್ಟರೆ ಅಲೆ ಹಗ್ಗ ಬಿಚ್ಚಿದ ಕರುವಿನಂತೆ ಪರದೆಯಾಚೆ ನಡೆದುಬಿಡುತ್ತಿತ್ತು. 1946ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಹೊವರ್ಡ್ ವೊಲ್ಲಮ್ ಮತ್ತು ಜ್ಯಾಕ್ ಮರ್ಡಾಕ್ ಟೆಕ್ಟ್ರಾನಿಕ್ಸ್ ಕಂಪನಿ ತೆರೆದು, ಮರುವರ್ಷ 511 ಎಂಬ ಮಾದರಿ ತಂದರು. ಅದರ ಗರಗಸ ತಾನಾಗಿ ಹೊರಡುವುದಿಲ್ಲ, ಕಾಯುತ್ತದೆ. ಅಲೆ ಇಂಥ ಮಟ್ಟ ಮುಟ್ಟಿತು, ಅದೂ ಏರುತ್ತ ಮುಟ್ಟಿತು ಎಂದಾಗ ಮಾತ್ರ ಒಂದು ಓಟ. ಟ್ರಿಗರ್ ಎಂದರೆ ಇದು. ಮಟ್ಟವನ್ನು ಕಾಯುವ ಬಾಗಿಲ ಕಾವಲುಗಾರನಾಗಿ ಬಳಕೆಯಾದ ಸರ್ಕಿಟ್ಟುಗಳಲ್ಲಿ ಒಂದು ಆಟೋ ಶ್ಮಿಟ್‌ ಎಂಬ ಅಮೆರಿಕನ್ 1930ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ್ದು. ಅವನಿಗೆ ಅದು ಹೊಳೆದದ್ದು ಸ್ಕ್ವಿಡ್ಡಿನ ನರಗಳನ್ನು ಅಭ್ಯಾಸ ಮಾಡುತ್ತಿದ್ದಾಗ. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಹುರಿದು ತಿನ್ನುವ ಜೀವಿಯಿಂದ ಇಂಥ ಉಪಕಾರವಾದೀತೆಂದು ಯಾರು ಎಣಿಸಿದ್ದರು?

ಮೇಷ್ಟ್ರ ಟ್ರಿಗರ್ ಮಳೆ. ಅವರ ಬಳಿ ಒಂದು ಕಥೆಯಿತ್ತು, ಅದು ಹೊರಡಬೇಕಾದರೆ ಮಳೆ ಬರಬೇಕು. ತುಂತುರು ಹನಿ ಸಾಲದು, ಮಟ್ಟ ಮುಟ್ಟುವುದಿಲ್ಲ. ಲ್ಯಾಬಿನ ಜಿಂಕ್ ಶೀಟಿನ ಮೇಲೆ ಸದ್ದಾಗಬೇಕು. ಅದೂ ಮಳೆ ಬರುತ್ತಿರಬೇಕು. "ಮಳೆ ನಿಂತಿತು ಸಾರ್" ಎಂದರೆ ಕಥೆ ಹೊರಡುವುದಿಲ್ಲ, "ಮಳೆ ಬಂತು ಸಾರ್" ಎಂದರೆ ಹೊರಡುತ್ತದೆ. ವೈವಾ ತಪ್ಪಿಸಿಕೊಳ್ಳಬೇಕಾದವರಿಗೆ ಈ ಲೆಕ್ಕವೆಲ್ಲ ಬಾಯಿಪಾಠವಾಗಿತ್ತು. ಮೊದಲ ವಾಕ್ಯ ಯಾವಾಗಲೂ ಒಂದೇ: "ಅವತ್ತೂ ಹಿಂಗೇ, ಮಳೆ ಅಂದ್ರೆ ಮಳೆ."

ಆ ಕಾಲೇಜಿಗೆ ಮೊಟ್ಟಮೊದಲ ಸೀಯಾರೋ ಮರದ ಪೆಟ್ಟಿಗೆಯಲ್ಲಿ ರೈಲಿನಲ್ಲಿ ಬಂದಿತ್ತು, ಸಿಂಕ್ ಗುಂಡಿಯ ಹಳೇ ಬಗೆಯದು. ಮೇಷ್ಟ್ರು ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ಗೂಡ್ಸ್ ಶೆಡ್ಡಿನಿಂದ ಜಟಕಾದಲ್ಲಿ ಏರಿಸಿಕೊಂಡು ಹೊರಟರು. ಪೆಟ್ಟಿಗೆಗೆ ತಮ್ಮ ಛತ್ರಿ ಹಿಡಿದು ತಾವು ನೆನೆಯುತ್ತ, ಹಳ್ಳ ಬಂದಾಗಲೆಲ್ಲ ಪೆಟ್ಟಿಗೆಯನ್ನು ತಬ್ಬಿಕೊಂಡು "ನಿಧಾನ, ನಿಧಾನ" ಎನ್ನುತ್ತಿದ್ದರಂತೆ. ಜಟಕಾ ಸಾಬರು ನೋಡುವಷ್ಟು ನೋಡಿ, "ಒಳಗೆ ದೇವ್ರಾ ಸ್ವಾಮಿ?" ಎಂದರು. ಮಳೆ, ಚಳಿ, ಹೆದರಿಕೆ. ಮೇಷ್ಟ್ರು "ದೇವರೇ ಅಂತಿಟ್ಕೊಳ್ಳಿ" ಎಂದುಬಿಟ್ಟರು. ಸಾಬರು ಮಾತಿಲ್ಲದೆ ಕೆಳಗಿಳಿದು, ಚಪ್ಪಲಿ ಕಳಚಿ ಕಂಕುಳಿಗೆ ಸಿಕ್ಕಿಸಿ, ಕುದುರೆಯ ಲಗಾಮು ಹಿಡಿದು ಆ ಮಳೆಯಲ್ಲಿ ಕಾಲೇಜಿನ ಗೇಟಿನವರೆಗೂ ನಡೆದೇ ಬಂದರು. ಬಾಡಿಗೆ ಒಂದೂವರೆ ರೂಪಾಯಿ ಎಂದು ಮಾತಾಗಿತ್ತು. ಕೊಡಹೋದರೆ, ದೇವರ ಸವಾರಿಗೆ ಕಾಸು ಮುಟ್ಟುವುದಿಲ್ಲ ಎಂದು ಕೈ ಮುಗಿದು ಹೊರಟೇಹೋದರು. ಮೇಷ್ಟ್ರು ಆಮೇಲೆ ಎಷ್ಟೋ ದಿನ ಜಟಕಾ ಸ್ಟ್ಯಾಂಡಿನಲ್ಲಿ ಹುಡುಕಿದರು, ಸಿಗಲಿಲ್ಲ. ಕಥೆಯ ಕೊನೆಯ ವಾಕ್ಯವೂ ಯಾವಾಗಲೂ ಒಂದೇ: "ಒಂದೂವರೆ ರೂಪಾಯಿ ಬಾಕಿ ಉಳ್ಕೊಂಡುಬಿಡ್ತು ಕಣ್ರಯ್ಯಾ."

ಆಮೇಲೆ ನಶ್ಯ. ಡಬ್ಬಿ ತೆಗೆಯುವುದು, ಮುಚ್ಚಳದ ಮೇಲೆ ಎರಡು ಸಲ ಬೆರಳು ಕುಟ್ಟುವುದು, ಚಿಟಿಕೆ ಏರಿಸಿ ಕಿಟಕಿಯತ್ತ ಮುಖ ಮಾಡುವುದು, ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಡುವುದು. ಅಷ್ಟು ಹೊತ್ತು ಸಿಡಿಲು ಬಡಿದರೂ ಅವರಿಂದ ಒಂದು ಮಾತು ಹೊರಡದು. ಸೀಯಾರೋದಲ್ಲೂ ಹೀಗೊಂದು ಹೊತ್ತಿದೆ, ಅದಕ್ಕೆ ಹೋಲ್ಡ್-ಆಫ್ ಎನ್ನುತ್ತಾರೆ. ಓಟ ಮುಗಿದು ಚುಕ್ಕೆ ಮನೆಗೆ ಮರಳಿ, ಹಂಡೆ ಪೂರ್ತಿ ಬರಿದಾಗಿ, ತಳದ ಅಲುಗಾಟವೂ ನಿಲ್ಲುವವರೆಗೆ ಎಷ್ಟು ಟ್ರಿಗರ್ ಬಂದು ಬಾಗಿಲು ಬಡಿದರೂ ಅದು ತೆರೆಯುವುದಿಲ್ಲ. ಅರ್ಧ ಬರಿದಾದ ಹಂಡೆಯಿಂದ ಹೊರಟರೆ ಆರಂಭ ತಪ್ಪುತ್ತದೆ. ಹೋಲ್ಡ್-ಆಫ್ ಬಗ್ಗೆ ಪರೀಕ್ಷೆಯಲ್ಲಿ ಬರೆಯಬೇಕಾಗಿ ಬಂದಾಗ ನಾನು ಒಳಗೊಳಗೇ ನಶ್ಯದ ವಾಸನೆ ಹೀರುತ್ತ ಬರೆದೆ. ಹತ್ತಕ್ಕೆ ಒಂಬತ್ತು ಬಂತು.

ಟ್ರಿಗರಿಗೆ ಆಟೋ, ನಾರ್ಮಲ್ ಎಂದು ಎರಡು ಸ್ವಭಾವ. ಆಟೋದಲ್ಲಿಟ್ಟರೆ, ಸ್ವಲ್ಪ ಹೊತ್ತು ಯಾವ ಅಲೆಯೂ ಬಾರದಿದ್ದರೆ ಗರಗಸ ತಾನೇ ಹೊರಟು ಪರದೆಯ ಮೇಲೆ ಒಂದು ಸಪಾಟು ಗೆರೆ ಎಳೆಯುತ್ತಿರುತ್ತದೆ, ಇದ್ದೇನೆ ಎಂದು ತಿಳಿಸಲು. ನಮ್ಮ ದೊಡ್ಡಮ್ಮ ಆಟೋ. ಜಗಲಿಯಲ್ಲಿ ಯಾರೂ ಮಾತಾಡಿಸದೆ ಎರಡು ನಿಮಿಷ ಕಳೆದರೆ ಅಲ್ಲಿಂದ "ರಾಮ ರಾಮಾ" ಎಂಬ ಸಪಾಟು ಗೆರೆ ಶುರುವಾಗುತ್ತಿತ್ತು. ಅಪ್ಪ ನಾರ್ಮಲ್. ಕೇಳಿದ್ದಕ್ಕೆ ಮಾತ್ರ ಉತ್ತರ, ಉಳಿದಂತೆ ಪರದೆ ಕತ್ತಲೆ. ಕೆಟ್ಟಿದೆ ಎಂದುಕೊಂಡು ನಾವು ಮಕ್ಕಳು ಬಹಳ ವರ್ಷ ಅವರ ಹತ್ತಿರ ಹೋಗಲೇ ಇಲ್ಲ. ಅಲೆಯನ್ನು ನಾವು ಕಳಿಸಬೇಕಿತ್ತು ಎಂಬುದು ಹೊಳೆದ ಹೊತ್ತಿಗೆ ತಡವಾಗಿತ್ತು.

ಮೇಷ್ಟ್ರನ್ನು ಕೊನೆಯ ಸಲ ನೋಡಿದ್ದು ಮೈಸೂರಿನಲ್ಲಿ, ಅವರ ಮಗನ ಮನೆಯಲ್ಲಿ. ಎಂಬತ್ತು ದಾಟಿತ್ತು. ಮರೆವು ಎಂದು ಮನೆಯವರು ಫೋನಿನಲ್ಲೇ ಹೇಳಿದ್ದರು. ದಾರಿಯುದ್ದಕ್ಕೂ ನನಗೆ ಒಂದು ದುರಾಸೆ: ಬೇರೆಲ್ಲ ಮರೆತಿರಲಿ, ನನ್ನ ಮುಖ ಕಂಡ ಕೂಡಲೇ "ಏನಯ್ಯಾ ನಾನ್‌ಲೀನಿಯರ್" ಎಂದಾರು. ಬಾಳೆಹಣ್ಣಿನ ಚಿಪ್ಪು ಎದುರಿಗಿಟ್ಟು ನಮಸ್ಕಾರ ಮಾಡಿದೆ. ಅವರು ಕುರ್ಚಿಯಲ್ಲೇ ಸ್ವಲ್ಪ ಎದ್ದಂತೆ ಮಾಡಿ, ಕೈ ಜೋಡಿಸಿ, "ತಾವು ಎಲ್ಲಿಂದ ಬರೋಣವಾಯ್ತು?" ಎಂದರು.

ಆ ಬಾಯಿಂದ "ತಾವು" ಕೇಳಿದಾಗ ಆದದ್ದನ್ನು ಹೇಗೆ ಹೇಳಲಿ? ಬೈದಿದ್ದರೆ ಚೆನ್ನಾಗಿತ್ತು. ಹೆಸರು ಹೇಳಿದೆ, ಬ್ಯಾಚು ಹೇಳಿದೆ, ಸ್ಲೇಟಿನ ಪ್ರಸಂಗವನ್ನೂ ಹೇಳಿದೆ. ಹೌದೌದು ಎಂದು ಸೌಜನ್ಯದಿಂದ ತಲೆಯಾಡಿಸಿದರು. ಆಮೇಲೆ ತಾವಾಗಿಯೇ ಮಾತು ತೆಗೆದರು. "ಕುದುರೆ ಕಾಲು ಜಾರ್ತು ನೋಡಿ" ಎಂದರು. ಸ್ವಲ್ಪ ತಡೆದು, "ಛತ್ರಿ ಒಂದೇ ಇದ್ದದ್ದು." ಇನ್ನಷ್ಟು ತಡೆದು, "ಗೇಟು ತೆಗೆಯೋಕೆ ವಾಚ್‌ಮನ್ ಇರಲಿಲ್ಲ." ಅದೇ ಕಥೆ, ಎಲ್ಲ ತುಂಡುಗಳೂ ಇವೆ. ಹೊರಡುವ ಜಾಗ ಮಾತ್ರ ಸಲಕ್ಕೊಂದು. ಒಂದರ ಮೇಲೊಂದು ಬಿದ್ದ ಅಲೆಗಳ ಗೋಜಲಿನ ಮುಂದೆ ನಾನು ಯಾವ ಗುಂಡಿ ತಿರುಗಿಸಬೇಕೆಂದು ತಿಳಿಯದೆ ಕೂತಿದ್ದೆ.

ಅಷ್ಟರಲ್ಲಿ ಸೊಸೆ ಕಾಫಿ ಹಿಡಿದು ಬಂದರು. ಲೋಟ ಇಡುತ್ತ, ಸುಮ್ಮನೆ ಮಾತಿಗೆ ಅನ್ನುವ ಹಾಗೆ, "ಮಾವ, ಅವತ್ತು ಮಳೆ ಬಂತಲ್ಲ" ಎಂದರು.

ಸೀಯಾರೋದ ಮುಖದ ಮೇಲೆ ಎಕ್ಸ್‌ಟರ್ನಲ್ ಟ್ರಿಗರ್ ಎಂಬ ಇನ್ನೊಂದು ತೂತಿರುತ್ತದೆ. ನೋಡಬೇಕಾದ ಅಲೆ ಕ್ಷೀಣವಾಗಿ, ತನ್ನ ಆರಂಭವನ್ನು ತಾನೇ ಹಿಡಿಯಲಾರದೆ ಹೋದಾಗ, ಅದರ ಹೆಜ್ಜೆ ಬಲ್ಲ ಬೇರೊಂದು ಸಿಗ್ನಲನ್ನು ಅಲ್ಲಿಗೆ ಕೊಡುತ್ತಾರೆ. ನಾನು ಕೆಲಸದಲ್ಲಿದ್ದ ಮೂವತ್ತು ಚಿಲ್ಲರೆ ವರ್ಷದಲ್ಲಿ ಅದನ್ನು ಬಳಸಿದ್ದು ಕಡಿಮೆ.

ಮೇಷ್ಟ್ರ ಬೆನ್ನು ನೆಟ್ಟಗಾಯಿತು. "ಅವತ್ತೂ ಹಿಂಗೇ, ಮಳೆ ಅಂದ್ರೆ ಮಳೆ." ಗೂಡ್ಸ್ ಶೆಡ್ಡು, ಪೆಟ್ಟಿಗೆ, ಛತ್ರಿ, ಹಳ್ಳ, ದೇವರು, ಕಳಚಿದ ಚಪ್ಪಲಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹೊರಗೆ ಚುರುಗುಟ್ಟುವ ಬಿಸಿಲಿತ್ತು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ, ನೂರನೆಯ ಸಲವೋ ಏನೋ, ಪೂರ್ತಿ ಕೇಳಿದರು. "ಒಂದೂವರೆ ರೂಪಾಯಿ ಬಾಕಿ ಉಳ್ಕೊಂಡುಬಿಡ್ತು." ಬಲಗೈ ಜೇಬಿಗೆ ಹೋಯಿತು. ಡಾಕ್ಟರು ನಶ್ಯ ಬಿಡಿಸಿ ವರ್ಷಗಳಾಗಿದ್ದವು. ಆದರೂ ಕೈ ಹೊರಗೆ ಬಂತು, ಇಲ್ಲದ ಮುಚ್ಚಳದ ಮೇಲೆ ಎರಡು ಸಲ ಕುಟ್ಟಿತು, ಬರೀ ಚಿಟಿಕೆ ಮೂಗಿಗೇರಿತು. ಮುಖ ಕಿಟಕಿಯತ್ತ ತಿರುಗಿತು. ಕರ್ಚೀಫು ನಾಲ್ಕು ಮಡಿಕೆಯಾಯಿತು. ನಾನು ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ಕಾದೆ.

ಕರ್ಚೀಫು ಜೇಬು ಸೇರಿದ ಮೇಲೆ ಅವರು ನನ್ನತ್ತ ತಿರುಗಿ ದಿಟ್ಟಿಸಿ ನೋಡಿದರು. ದನಿ ತಗ್ಗಿಸಿ ಕೇಳಿದರು: "ತಾವು ಆ ಸಾಬರ ಕಡೆಯವರಾ?"

"ಹೌದು" ಎಂದೆ.

ಏಕೆ ಹಾಗೆಂದೆನೋ, ಗೊತ್ತಿಲ್ಲ. ಅವರು ಪೆಟ್ಟಿಗೆಯಲ್ಲಿ ದೇವರಿದ್ದಾನೆ ಎಂದಂತೆಯೇ ನನ್ನ ಬಾಯಿಂದಲೂ ಬಂದುಬಿಟ್ಟಿತು. ಮೇಷ್ಟ್ರು ಸೊಸೆಯನ್ನು ಕರೆದು ಕಾಸು ತರಿಸಿದರು. ದೇವರ ಮನೆಯ ತಟ್ಟೆಯಿಂದ ಎರಡು ರೂಪಾಯಿಯ ನಾಣ್ಯವೊಂದು ಬಂತು, ಅಂಚಿನಲ್ಲಿ ಇಷ್ಟು ಕುಂಕುಮ. ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿ, "ತಲುಪಿಸಿಬಿಡಿ. ತುಂಬ ತಡವಾಯ್ತು" ಎಂದರು. ನಾನು ಸೊಸೆಯ ಮುಖ ನೋಡಿದೆ. ಇಟ್ಕೊಳ್ಳಿ ಎನ್ನುವಂತೆ ಅವರು ಕಣ್ಣು ಮುಚ್ಚಿ ತೆರೆದರು.

ಸೀಯಾರೋದ ಮಾತಿಗೆ ಬರುತ್ತೇನೆ. ಹಿಂದಿನ ಮುಚ್ಚಳ ಬಿಚ್ಚಿ, ಒಂದು ಕೈ ಜೇಬಿನಲ್ಲಿಟ್ಟುಕೊಂಡು ನೋಡಿದರೆ ಊಹೆ ಸರಿಯಾಗಿತ್ತು. ನಿಧಾನದ ಓಟಗಳಿಗೆಂದಿದ್ದ 1 ಮೈಕ್ರೋಫ್ಯಾರಡ್ ಕೆಪಾಸಿಟರು ಸೋರುತ್ತಿತ್ತು. ಚಿಕ್ಕ ಹಂಡೆಗಳು ಗಟ್ಟಿಮುಟ್ಟಾಗಿದ್ದರಿಂದ ವೇಗದ ಓಟಗಳಲ್ಲಿ ದೋಷ ಕಂಡಿರಲಿಲ್ಲ. ತೂತಿನ ಹಂಡೆಯಲ್ಲಿ ಮಟ್ಟ ಏರಿದಷ್ಟೂ ಸೋರುವುದು ಹೆಚ್ಚು, ಆದ್ದರಿಂದ ಚುಕ್ಕೆ ಬಲಕ್ಕೆ ಹೋದಷ್ಟೂ ನಿಧಾನ, ಅದರಿಂದ ಅಲೆಗಳ ಒತ್ತಾಟ. ಬೆಸುಗೆ ಕಡ್ಡಿ ಕಾಯುವವರೆಗೆ ಇದನ್ನೇ ಯೋಚಿಸುತ್ತ ಕೂತಿದ್ದೆ. ಪಾಲಿಟೆಕ್ನಿಕ್ಕಿನ ಮೂರು ವರ್ಷ ನನ್ನ ಪರದೆಯ ಎಡಭಾಗದಲ್ಲಿ ಕಾಲು ಚಾಚಿ ಮಲಗಿದೆ, ಒಂದೊಂದು ಮಳೆಗೂ ಒಂದೊಂದು ಚೌಕ. ಈಚಿನ ಹದಿನೈದು ವರ್ಷಗಳು ಬಲತುದಿಯಲ್ಲಿ ಬೆರಳು ತೂರದಷ್ಟು ಇಕ್ಕಟ್ಟಾಗಿವೆ. ಮೇಷ್ಟ್ರು ತೀರಿಕೊಂಡದ್ದು ಹೋದ ವರ್ಷವೋ ಅದರ ಹಿಂದಿನ ವರ್ಷವೋ ಎಂದು ಕೇಳಿದರೆ ಎಣಿಸಬೇಕಾಗುತ್ತದೆ.

ಹೊಸ ಕೆಪಾಸಿಟರು ಎಸ್.ಪಿ. ರಸ್ತೆಯಲ್ಲೇ ಸಿಕ್ಕಿತು, ಅಲ್ಲಿಗೆ ಹೋಗಿಬರುವ ಬಸ್ ಚಾರ್ಜಿಗಿಂತ ಕಡಿಮೆಗೆ. ಬೆಸೆದು, ಮುಚ್ಚಳ ಹಾಕಿ, ಸ್ವಿಚ್ ಒತ್ತಿ ಕಾದೆ. ಈಗ ಐದು ಅಲೆಗಳು ಎರಡೆರಡು ಚೌಕ ಹಿಡಿದು ಸರಿಯಾಗಿ ಕೂತಿವೆ. ಹೆಂಡತಿ ಬಂದು ನೋಡಿ, "ಗೆರೆ ಬಂತಾ?" ಎಂದು ಕೇಳಿ ಹೋದಳು.

ಆ ಎರಡು ರೂಪಾಯಿ ಸೀಯಾರೋದ ನೆತ್ತಿಯ ಮೇಲೇ ಇದೆ. ಗಾಳಿಗಿಂಡಿಯಿಂದ ದೂರ, ಒಂದು ಪಟ್ಟಿ ಅಂಟಿಸಿ ಇಟ್ಟಿದ್ದೇನೆ. ಒಳಗೆ ಬಿದ್ದರೆ ಎರಡು ಸಾವಿರ ವೋಲ್ಟಿನ ಸಹವಾಸ. ಬಾಡಿಗೆ ಮಾತಾಗಿದ್ದು ಒಂದೂವರೆ. ಎಂಟಾಣೆ ಚಿಲ್ಲರೆ ನಾನು ಮೇಷ್ಟ್ರಿಗೆ ವಾಪಸು ಕೊಡಲಿಲ್ಲ.